ಕಡವಿನ ಮಾಲೀಕನ ಅಧಿಕಾರಪತ್ರ

ಅಡಿವೆಪ್ಪನೆಂಬ ಶಿಷ್ಯ ಗುರುಗಳನ್ನು ಕೇಳಿದ:

“ಗುರುಗಳೇ, ನಾನಿಲ್ಲದ ಜಾಗದಲ್ಲಿ, ನನಗೆ ತಿಳಿಯದೆ, ನನ್ನ ಹೆಸರಿನಲ್ಲಿ ಇನ್ನೊಬ್ಬ ಮಾಡಿದ ಕೆಲಸ ನನ್ನದಾಗುತ್ತದೆಯೆ?”

“ಈ ಪ್ರಶ್ನೆ ನಿನಗೆ ಯಾಕೆ ಬಂತು?” ಎಂದರು ಗುರುಗಳು.

“ನನ್ನದೊಂದು ಇಟ್ಟಿಗೆ ಭಟ್ಟಿ ಇದೆ. ನಲವತ್ತು ಜನ ಕೆಲಸಕ್ಕಿದ್ದಾರೆ. ದಿನ ಬೆಳಗಾದರೆ ಜಗಳ, ಕಚೇರಿ, ತಕರಾರು. ಅಣ್ಣನ ಮಗನಿಗೆ ಎಲ್ಲ ಅಧಿಕಾರವನ್ನೂ ಬರೆದುಕೊಟ್ಟು ಮಠಕ್ಕೆ ಬಂದುಬಿಡಬೇಕು ಎಂದುಕೊಂಡಿದ್ದೇನೆ. ಸೋಮವಾರ ಬರಲು ನೋಟರಿ ಹೇಳಿದ್ದಾರೆ.”

ಗುರುಗಳು ಅವನನ್ನು ಕೂರಿಸಿ ಹೀಗೆ ಹೇಳಿದರು.

ಒಂದು ದೊಡ್ಡ ನದಿಯ ಕಡವಿನಲ್ಲಿ, ಜನ ಹೊಳೆ ದಾಟುವ ಜಾಗದಲ್ಲಿ, ಒಬ್ಬ ದೋಣಿ ಮಾಲೀಕನಿದ್ದ. ಸೇತುವೆ ಬಹಳ ದೂರವಿತ್ತು. ಆಚೆ ದಡದ ಐದು ಹಳ್ಳಿಗಳಿಗೆ ಅವನ ದೋಣಿಗಳೇ ದಾರಿ. ಮಾಲೀಕ ಕೆಟ್ಟವನಲ್ಲ. ಯಾರ ಮೇಲೂ ದನಿ ಎತ್ತಿದವನಲ್ಲ. ಆದರೆ ಇಲ್ಲ ಎನ್ನಬೇಕಾದ ಕಡೆ ಇಲ್ಲ ಎನ್ನಲು ಅವನಿಗೆ ಬಾಯಿ ಬರುತ್ತಿರಲಿಲ್ಲ. ಹೂಂ ಎಂದರೆ ಆಮೇಲೆ ನಿದ್ದೆ ಬರುತ್ತಿರಲಿಲ್ಲ. ಐವತ್ತು ತುಂಬುವ ಹೊತ್ತಿಗೆ ಅವನಿಗೆ ಎಲ್ಲವೂ ಸಾಕೆನಿಸಿತು. ದೂರದ ಒಂದು ಆಶ್ರಮಕ್ಕೆ ಹೋಗಿ ಒಂದು ವರ್ಷ ಮೌನದಲ್ಲಿರಬೇಕೆಂದು ನಿಶ್ಚಯಿಸಿದ.

ಅವನ ಹೆಂಡತಿಯ ತಮ್ಮ ಚುರುಕಾದ ಮನುಷ್ಯ. ಕಡವಿನ ವ್ಯವಹಾರವನ್ನೆಲ್ಲ ಬಲ್ಲವನು. ಮಾಲೀಕ ಅವನನ್ನು ಕರೆದುಕೊಂಡು ಪೇಟೆಯ ನೋಟರಿಯ ಬಳಿಗೆ ಹೋದ. ಛಾಪಾ ಕಾಗದದ ಮೇಲೆ ಎಲ್ಲವನ್ನೂ ಟೈಪು ಮಾಡಿಸಿ ಇಟ್ಟಿದ್ದರು. ಕೊಳ್ಳುವುದು, ಮಾರುವುದು, ಗುತ್ತಿಗೆ ಹಿಡಿಯುವುದು, ಆಳುಗಳನ್ನು ಇಡುವುದು, ಬಿಡಿಸುವುದು, ಕೋರ್ಟಿನಲ್ಲಿ ಹೇಳಿಕೆ ಕೊಡುವುದು, ರಾಜಿಯಾಗುವುದು, ಎಲ್ಲವೂ ಅದರಲ್ಲಿತ್ತು. ನೋಟರಿ ವಯಸ್ಸಾದವರು. ಒಂದೊಂದೇ ಸಾಲನ್ನು ಓದತೊಡಗಿದರು.

“ಓದುವುದೇನು ಬೇಡ ಸ್ವಾಮಿ. ಇವನು ನಮ್ಮವನೇ. ಸಹಿ ಎಲ್ಲಿ ಹಾಕಬೇಕು ತೋರಿಸಿ,” ಎಂದ ಮಾಲೀಕ.

“ಎಲ್ಲರೂ ತಮ್ಮವರಿಗೇ ಬರೆದುಕೊಡುವುದು. ಕೊನೆಯ ಸಾಲನ್ನಾದರೂ ಕೇಳಿಸಿಕೊಳ್ಳಿ,” ಎಂದು ನೋಟರಿ ಓದಿದರು. “‘ಇವರು ನನ್ನ ಪರವಾಗಿ ಮಾಡುವ ಎಲ್ಲ ಕಾರ್ಯಗಳನ್ನೂ ಸ್ವತಃ ನಾನೇ ಹಾಜರಿದ್ದು ಮಾಡಿದಂತೆ ಎಂದು ಒಪ್ಪಿರುತ್ತೇನೆ.’”

ಮಾಲೀಕ ತಲೆಯಾಡಿಸಿ ಸಹಿ ಹಾಕಿದ. ನೋಟರಿ ಮೊಹರು ಒತ್ತಿದರು. ಮೂರನೆಯ ದಿನ ಮಾಲೀಕ ಆಶ್ರಮ ಸೇರಿದ.

ಎರಡು ತಿಂಗಳ ನಂತರ ಭಾವಮೈದನಿಂದ ಪತ್ರ ಬಂತು. “ದೊಡ್ಡ ದೋಣಿಯ ತಳದ ಹಲಗೆ ಮೆತ್ತಗಾಗಿದೆಯಂತೆ. ಮಳೆಗಾಲಕ್ಕೆ ಮುಂಚೆ ದಡಕ್ಕೆ ಎಳೆದು ರಿಪೇರಿ ಮಾಡಿಸಬೇಕು ಎಂದು ಮುದುಕ ಅಂಬಿಗ ಹೇಳುತ್ತಾನೆ. ನಿಲ್ಲಿಸಿದರೆ ಕಡವಿನ ಗುತ್ತಿಗೆ ಬೇರೆಯವರ ಪಾಲಾಗಬಹುದು. ಏನು ಮಾಡಲಿ ಭಾವ?”

ಮಾಲೀಕ ಉತ್ತರ ಬರೆದ. “ಅಧಿಕಾರ ನಿನ್ನ ಕೈಯಲ್ಲಿದೆ. ನಿನಗೆ ಸರಿ ಕಂಡಂತೆ ಮಾಡು. ನನ್ನ ಮನಸ್ಸನ್ನು ಕದಡಬೇಡ.” ಆಮೇಲೆ ಬಂದ ಪತ್ರಗಳನ್ನು ಅವನು ಒಡೆಯಲಿಲ್ಲ. ಹಾಸಿಗೆಯ ಕೆಳಗೆ ಇಡುತ್ತಾ ಹೋದ.

ಮಳೆ ಶುರುವಾಗುವ ಮೊದಲು ಅಂಬಿಗನೇ ಹೊರಟು ಆಶ್ರಮಕ್ಕೆ ಬಂದ. ಮೂವತ್ತು ವರ್ಷ ಆ ಮನೆಯ ದೋಣಿ ನಡೆಸಿದವನು. ಮಾಲೀಕನಿಗೆ ಹುಟ್ಟು ಹಾಕಲು ಕಲಿಸಿದವನೂ ಅವನೇ. ಬಾಗಿಲ ಹೊರಗೆ ಅರ್ಧ ದಿನ ಕಾದ. ಮಾಲೀಕ ಹೊರಬಂದು ನೋಡಿದ. ಇವನದೂ ಏನೋ ತಕರಾರಿರಬೇಕು ಎಂದುಕೊಂಡ. ತಾನು ಮೌನದಲ್ಲಿದ್ದೇನೆ ಎಂದು ತುಟಿಯ ಮೇಲೆ ಬೆರಳಿಟ್ಟು ತೋರಿಸಿದ. ಆಮೇಲೆ ಕೈಮುಗಿದು, ಹೋಗು ಎಂದು ಸನ್ನೆ ಮಾಡಿದ.

“ಧಣಿ, ನೀವು ಮಾತಾಡುವುದು ಬೇಡ, ಕೇಳಿಸಿಕೊಂಡರೆ ಸಾಕು,” ಎಂದ ಅಂಬಿಗ.

ಅಷ್ಟರಲ್ಲಿ ಮಾಲೀಕ ಒಳಗೆ ಹೋಗಿದ್ದ.

ಗುತ್ತಿಗೆ ಹೋದೀತೆಂದು ಭಾವಮೈದ ದೊಡ್ಡ ದೋಣಿಯನ್ನು ನಿಲ್ಲಿಸಲಿಲ್ಲ; ಅಂಬಿಗ ಅದನ್ನು ನಡೆಸಲೇಬೇಕಾಯಿತು. ಶ್ರಾವಣದ ಒಂದು ಸಂತೆಯ ದಿನ ನಡು ಹೊಳೆಯಲ್ಲಿ ಅದರ ತಳ ಬಿಟ್ಟಿತು. ಅಂಬಿಗ ನಾಲ್ಕು ಜನರನ್ನು ಎಳೆದು ದಡಕ್ಕೆ ತಂದ. ಹದಿಮೂರು ಜನ ಹೋದರು. ಅವರಲ್ಲಿ ಆರು ಹೆಂಗಸರು, ಮೂರು ಮಕ್ಕಳು.

ಸತ್ತವರ ಮನೆಯವರು ಕೋರ್ಟಿಗೆ ಹೋದರು. ಹಲಗೆ ಕೊಳೆತಿತ್ತು ಎಂದು ಅಂಬಿಗ ಊರೆಲ್ಲ ಹೇಳಿದ್ದ. ಕೋರ್ಟಿನಲ್ಲೂ ಅದನ್ನೇ ಹೇಳುವವನಿದ್ದ. ಅದು ನಿಜವೆಂದಾದರೆ ದೋಣಿ, ಮನೆ, ಗುತ್ತಿಗೆ ಯಾವುದೂ ಉಳಿಯುವಂತಿರಲಿಲ್ಲ. ಭಾವಮೈದ ಅಧಿಕಾರಪತ್ರವನ್ನು ಹಿಡಿದುಕೊಂಡು ವಕೀಲರ ಬಳಿಗೆ ಹೋದ. ಮಾಲೀಕನ ಪರವಾಗಿ ಹೇಳಿಕೆ ಸಿದ್ಧವಾಯಿತು. ದೋಣಿ ಸುಸ್ಥಿತಿಯಲ್ಲಿತ್ತು, ಅಂಬಿಗ ಕುಡಿದಿದ್ದ, ಮಾಲೀಕನ ಮಾತು ಮೀರಿ ಜನರನ್ನು ತುಂಬಿದ್ದ ಎಂದು ಅದರಲ್ಲಿತ್ತು. ಅಂಬಿಗ ಹುಟ್ಟಿದಂದಿನಿಂದ ಕುಡಿದವನಲ್ಲ. ಆದರೆ ಇಬ್ಬರು ಸಾಕ್ಷಿ ಹೇಳಿದರು. ಕೋರ್ಟು ಅದನ್ನು ನಂಬಿತು. ಊರೂ ನಂಬಿತು. ಸತ್ತ ಮಕ್ಕಳ ತಾಯಂದಿರು ಅಂಬಿಗನ ಬಾಗಿಲಿಗೆ ಬಂದು ಮಣ್ಣು ತೂರಿದರು.

ತೀರ್ಪು ಬಂದ ಹತ್ತನೆಯ ದಿನ ಅಂಬಿಗ ಕಡವಿಗೆ ಹೋಗಿ ನೀರಿಗಿಳಿದ. ಆ ಹೊಳೆಯನ್ನು ಸಾವಿರ ಸಲ ಈಜಿದವನು ಅವತ್ತು ಈಜಲಿಲ್ಲ.

ಆಗ ಮಾಲೀಕನ ಹೆಂಡತಿ ಪತ್ರ ಬರೆಯಲಿಲ್ಲ. ತಾನೇ ಆಶ್ರಮಕ್ಕೆ ಬಂದು ಗಂಡನ ಮುಂದೆ ನಿಂತು ನಡೆದದ್ದನ್ನು ಹೇಳಿದಳು. ಮಾಲೀಕನ ಮೌನ ಮುರಿಯಿತು. ಅವನು ಊರಿಗೆ ಬಂದವನೇ ಮನೆಗೂ ಹೋಗದೆ ಅಂಬಿಗನ ಗುಡಿಸಲಿಗೆ ಹೋದ. ಅಂಬಿಗನ ಹೆಂಡತಿ ಹೊರಗೆ ಕೂತು ಹರಿದ ಬಲೆಯನ್ನು ಹೊಲಿಯುತ್ತಿದ್ದಳು. ಅವನನ್ನು ಕಂಡು ಎದ್ದು ಸೆರಗು ಸರಿಮಾಡಿಕೊಂಡಳು. ಬೈಯಲಿಲ್ಲ.

“ಕೋರ್ಟಿನಲ್ಲಿ ಕಾಗದ ಓದಿದರು ಧಣಿ,” ಎಂದಳು. “‘ನಾನು ಹೇಳುವುದೇನೆಂದರೆ’ ಎಂದು ಅದರಲ್ಲಿ ಇತ್ತು. ನಾನು ಅಂದರೆ ಯಾರು ಅಂತ ನಮ್ಮವರು ಎದ್ದು ಕೇಳಿದರು. ನಿಮ್ಮ ಹೆಸರು ಹೇಳಿದರು. ಅಲ್ಲಿಯವರೆಗೆ ಇವರು ಜೋರಾಗಿ ಮಾತಾಡುತ್ತಿದ್ದರು. ನಿಮ್ಮ ಹೆಸರು ಕೇಳಿದ ಮೇಲೆ ಕೂತುಬಿಟ್ಟರು.”

“ನಾನು ಹೇಳಿದ್ದಲ್ಲಮ್ಮ. ನನಗೇನೂ ಗೊತ್ತಿರಲಿಲ್ಲ.”

ಅವಳು ಅವನ ಮುಖವನ್ನೇ ನೋಡಿದಳು.

“ಗೊತ್ತಿಲ್ಲದೆ ಹೇಳಿದಿರಾ?”

ಮಾಲೀಕ ಅಲ್ಲಿಂದ ಮನೆಗೆ ಬಂದು ಭಾವಮೈದನ ಎದೆಯ ಮೇಲಿನ ಅಂಗಿ ಹಿಡಿದ. “ಸುಳ್ಳು ಹೇಳು ಎಂದು ನಾನು ನಿನಗೆ ಹೇಳಿದ್ದೆನೆ?”

ಭಾವಮೈದ ಬಿಡಿಸಿಕೊಳ್ಳಲಿಲ್ಲ. “ಬೇಡ ಎಂದೂ ಹೇಳಲಿಲ್ಲ,” ಎಂದ. “ವಕೀಲರು ಹೀಗೆ ಹೇಳುತ್ತಿದ್ದಾರೆ, ನನಗೆ ಭಯವಾಗುತ್ತಿದೆ, ಒಂದು ಸಲ ಬಂದು ಹೋಗಿ ಎಂದು ಬರೆದೆ ಭಾವ. ಎರಡು ಸಲ ಬರೆದೆ. ನಿಮ್ಮ ಮನೆ ಉಳಿಸುವುದು ನನ್ನ ಪಾಲಿಗೆ ಬಂದಿತ್ತು. ಉಳಿಸಿದೆ.”

ಮಾಲೀಕ ಆಶ್ರಮದಿಂದ ತಂದ ಗಂಟನ್ನು ಬಿಚ್ಚಿದ. ಪತ್ರಗಳನ್ನು ಒಡೆದು ಓದಿದ. ಭಾವಮೈದ ಹೇಳಿದ ಮಾತೆಲ್ಲ ಅವುಗಳಲ್ಲಿತ್ತು.

ಮರುದಿನ ಬೆಳಿಗ್ಗೆ ಅವನು ನೋಟರಿಯ ಬಳಿಗೆ ಓಡಿದ. “ಆ ಪತ್ರವನ್ನು ರದ್ದು ಮಾಡಿ,” ಎಂದ.

“ಮಾಡೋಣ. ಇವತ್ತಿನಿಂದ ಅದು ನಡೆಯುವುದಿಲ್ಲ,” ಎಂದರು ನೋಟರಿ.

“ಇವತ್ತಿನಿಂದಲ್ಲ. ಮೊದಲಿನಿಂದ.”

“ಮೊದಲಿನಿಂದ ರದ್ದು ಮಾಡುವ ಕಾಗದ ನನ್ನ ಬಳಿ ಇಲ್ಲ,” ಎಂದರು ನೋಟರಿ.

ಆಮೇಲೆ ಮಾಲೀಕ ಮಾಡಬಹುದಾದದ್ದನ್ನೆಲ್ಲ ಮಾಡಿದ. ಮೇಲಿನ ಕೋರ್ಟಿಗೆ ಹೋದ. ಕಟಕಟೆಯಲ್ಲಿ ನಿಂತು, ನನ್ನ ಹೆಸರಿನ ಹೇಳಿಕೆ ಸುಳ್ಳು, ಹಲಗೆ ಕೊಳೆತಿತ್ತು, ನಮಗೆ ಅದು ತಿಳಿದಿತ್ತು ಎಂದ. ಹಾಗಾದರೆ ಮೊದಲು ಯಾಕೆ ಬೇರೆ ಹೇಳಿದಿರಿ ಎಂದು ನ್ಯಾಯಾಧೀಶರು ಕೇಳಿದರು. ನಾನು ಹೇಳಲಿಲ್ಲ ಎನ್ನಲು ಅವನು ಬಾಯಿ ತೆರೆದ. ಮುಂದೆ ಅಧಿಕಾರಪತ್ರವಿತ್ತು, ಅದರ ಮೇಲೆ ಅವನ ಸಹಿಯಿತ್ತು. “ತಪ್ಪಾಯಿತು,” ಎಂದ.

ಎರಡು ವರ್ಷಕ್ಕೆ ತೀರ್ಪು ತಿರುಗಿತು. ದೋಣಿಗಳು ಹೋದವು, ಮನೆಯೂ ಹೋಯಿತು. ಸತ್ತವರ ಮನೆಗಳಿಗೆ ಪರಿಹಾರ ಸಿಕ್ಕಿತು. ಭಾವಮೈದ ಸುಳ್ಳು ಹೇಳಿಕೆಗಾಗಿ ಜೈಲಿಗೆ ಹೋದ. ಮಾಲೀಕನ ಹೆಂಡತಿ ತಮ್ಮನ ಮಕ್ಕಳನ್ನು ಸಾಕಲು ತವರಿಗೆ ಹೋದವಳು ಮತ್ತೆ ಬರಲಿಲ್ಲ. ಅಂಬಿಗ ಕುಡಿದಿರಲಿಲ್ಲ, ಅವನದು ಏನೂ ತಪ್ಪಿರಲಿಲ್ಲ ಎಂದು ತೀರ್ಪಿನಲ್ಲಿ ಬರೆದಿತ್ತು.

ಮಾಲೀಕ ಆ ತೀರ್ಪಿನ ನಕಲು ತೆಗೆಸಿಕೊಂಡು ಗುಡಿಸಲಿಗೆ ಹೋದ. ಅಂಬಿಗನ ಹೆಂಡತಿಗೆ ಓದಲು ಬಾರದು. ಅವನೇ ಬಾಗಿಲಲ್ಲಿ ನಿಂತು ಮೊದಲಿನಿಂದ ಕೊನೆಯವರೆಗೆ ಓದಿದ. ಅವಳು ನಿಂತೇ ಕೇಳಿದಳು.

“ಇದನ್ನೂ ನೀವೇ ಹೇಳಿದ್ದಾ ಧಣಿ?” ಎಂದಳು.

“ಹೌದಮ್ಮ. ಇದನ್ನು ನಾನೇ ಹೇಳಿದ್ದು.”

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕಾಗದ ಅವನ ಕೈಯಲ್ಲೇ ಉಳಿಯಿತು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಅಡಿವೆಪ್ಪ ಕೇಳಿದ:

“ಹಾಗಾದರೆ ಯಾರನ್ನೂ ನಂಬಿ ಏನನ್ನೂ ಒಪ್ಪಿಸಬಾರದೆ ಗುರುಗಳೇ? ಹಾಸಿಗೆ ಹಿಡಿದವರು, ದೂರ ದೇಶದಲ್ಲಿರುವವರು ಏನು ಮಾಡಬೇಕು? ಲೋಕ ನಡೆಯುವುದೇ ನಂಬಿಕೆಯಿಂದಲ್ಲವೆ?”

ಗುರುಗಳು ಹೇಳಿದರು:

“ನಂಬು; ಆದರೆ ಹೊಣೆ ಬಿಟ್ಟು ಓಡಿಬರುವುದಕ್ಕೆ ನಂಬಿಕೆ ಎಂದು ಹೆಸರಿಡಬೇಡ.”