ಮೂರನೇ ಹೆಜ್ಜೆ

ಮರಿಗಳ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಮೊಲಕ್ಕೆ ಸರಿಸಾಟಿ ಯಾರೂ ಇರಲಿಲ್ಲ. ಚೆಂಡು ಹಿಡಿದು ಮೂರು ನೆಗೆತ ಹಾಕಿ ಎಸೆದರೆ ಸಾಕು, ಬುಟ್ಟಿಯೊಳಗೇ ಬೀಳುತ್ತಿತ್ತು. ನಿಯಮದ ಪ್ರಕಾರ ಚೆಂಡು ಕೈಯಲ್ಲಿ ಹಿಡಿದು ಇಡಬಹುದಾದದ್ದು ಎರಡೇ ಹೆಜ್ಜೆ; ಆದರೆ ರೆಫರಿ ಕೊಕ್ಕರೆ ಒಮ್ಮೆಯೂ ಸೀಟಿ ಊದಲಿಲ್ಲ.

ಬೆಳೆದ ಮೊಲ ದೊಡ್ಡವರ ತಂಡದ ಆಯ್ಕೆಗೆ ಹೋಯಿತು. ಅವಕಾಶ ಇದ್ದದ್ದು ಒಂದೇ ಸಲ. ಅಲ್ಲಿನ ರೆಫರಿ ಗಿಡುಗ. ಮೊಲ ಬುಟ್ಟಿಯತ್ತ ನೆಗೆದಾಗಲೆಲ್ಲ ಸೀಟಿ ಕೂಗಿತು, ಚೆಂಡು ಎದುರಾಳಿಯ ಪಾಲಾಯಿತು.

"ಎರಡರವರೆಗೆ ಎಣಿಸೋಕೆ ಬರದವನನ್ನು ಯಾರಯ್ಯಾ ಕಳಿಸಿದ್ದು?" ಎಂದು ಗದರಿ ತರಬೇತುದಾರ ಕರಡಿ ಅದರ ಹೆಸರು ಹೊಡೆದುಹಾಕಿತು.

ಮೊಲ ಸೀದಾ ಮರಿಗಳ ಅಂಗಳಕ್ಕೆ, ಕೊಕ್ಕರೆಯ ಬಳಿಗೆ ಬಂತು. "ಅಜ್ಜಾ, ನನ್ನ ತಪ್ಪು ನಿಮಗೆ ಕಾಣಲೇ ಇಲ್ಲವೇ?"

"ಕಾಣದೆ ಏನು ಮಗು? ಚಿಕ್ಕವನು, ಆಡಿಕೊಳ್ಳಲಿ ಅಂತ ಬಿಟ್ಟೆ."

"ಬಿಟ್ಟಿದ್ದೀರಿ ಅಂತ ಆಗಲೇ ಒಂದು ಮಾತು ಹೇಳಬಾರದಿತ್ತೇ? ಅದೇ ಆಟ ಅಂದುಕೊಂಡೆ. ಈಗ ಕಾಲು ನನ್ನ ಮಾತು ಕೇಳುವುದಿಲ್ಲ."

ಅಷ್ಟರಲ್ಲಿ ಅಂಗಳದಲ್ಲಿ ಅಳಿಲು ಮರಿಯೊಂದು ಮೂರನೇ ಹೆಜ್ಜೆ ಇಟ್ಟು ಚೆಂಡು ಎಸೆಯಿತು. ಕೊಕ್ಕರೆ ಸೀಟಿಯನ್ನು ಕೊಕ್ಕಿಗೇರಿಸಿತು. ಅಂಚಿನಲ್ಲಿ ನಿಂತ ತಾಯಿ ಅಳಿಲು ಚಪ್ಪಾಳೆ ತಟ್ಟುತ್ತಿತ್ತು. ಊದದ ಸೀಟಿ ಮೆಲ್ಲಗೆ ಕೆಳಗಿಳಿಯಿತು.