ಮರಳು ಸುಡುವ ಹೊತ್ತು

ಕಡಲ ನಡುವೆ ಒಂದು ಪುಟ್ಟ ನಡುಗಡ್ಡೆ, ಅದರ ಮೇಲೊಂದು ಆಶ್ರಮ. ಅಲ್ಲಿದ್ದವರು ಮೂವರೇ. ಅನಂತಯ್ಯ ಗುರುಗಳು, ಶಿಷ್ಯ ಹೊನ್ನಪ್ಪ, ಮತ್ತೆ ಆ ಹೊನ್ನಪ್ಪನನ್ನು ಎತ್ತಿ ಆಡಿಸಿ ಬೆಳೆಸಿದ ಅಡುಗೆಯ ದುಗ್ಗಮ್ಮ.

ದುಗ್ಗಮ್ಮನಿಗೆ ಜ್ವರ ಬಂತು. ಅಂತಿಂಥ ಜ್ವರವಲ್ಲ. ಬೆಳಗಾಗುವಷ್ಟರಲ್ಲಿ ಮುದುಕಿ ಕರೆದರೂ ಓಗೊಡದ ಹಾಗಾದಳು. ಪಂಡಿತರ ಮನೆ ಆಚೆ ದಡದಲ್ಲಿ. ದಡ ಕಣ್ಣಿಗೇನೋ ಕಾಣುತ್ತಿತ್ತು.

ಗುರುಗಳು "ತಡೆಯೋ" ಎಂದದ್ದು ಹೊನ್ನಪ್ಪನ ಕಿವಿಗೆ ಬೀಳಲಿಲ್ಲ. ಅವಳನ್ನು ದೋಣಿಯಲ್ಲಿ ಮಲಗಿಸಿ ಹುಟ್ಟು ಹಾಕತೊಡಗಿದ. ಗಾಳಿ ದಡದ ಕಡೆಯಿಂದ ಎದುರಿಗೇ ಬೀಸುತ್ತಿತ್ತು. ಅವನು ಒಂದು ಮಾರು ಮುಂದೆ ಹೋದರೆ ಅದು ಎರಡು ಮಾರು ಹಿಂದಕ್ಕೆ ತಳ್ಳುತ್ತಿತ್ತು. ಅಂಗೈಯಲ್ಲಿ ಬೊಬ್ಬೆ ಎದ್ದವು. ಕೊನೆಗೆ ದೋಣಿ ಹೊರಟ ಜಾಗಕ್ಕೇ ಬಂದು ನಿಂತಿತು.

"ಅವಳನ್ನು ನೆರಳಿಗೆ ಕರೆತಾ," ಎಂದರು ಗುರುಗಳು. "ಹೊತ್ತೇರಲಿ."

ಹೊನ್ನಪ್ಪನಿಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. "ಹೊತ್ತೇರಲಿ ಅಂದರೇನು ಗುರುಗಳೇ? ಅವಳು ಸಾಯುತ್ತಿದ್ದಾಳೆ! ನಿಮಗೆ ಕರುಳಿಲ್ಲವೇ?"

"ಇದೆ. ಬಾ ಇಲ್ಲಿ. ಒಂದು ಕಾಲು ಮರಳಿನ ಮೇಲಿಡು, ಇನ್ನೊಂದು ನೀರಿನಲ್ಲಿಡು."

ಹೊನ್ನಪ್ಪ ಹಲ್ಲು ಕಚ್ಚಿಕೊಂಡು ನಿಂತ.

"ಯಾವುದು ತಣ್ಣಗಿದೆ?"

"ಮರಳು."

"ಮರಳು ಸುಟ್ಟಾಗ ಹೇಳು. ಹಾಯಿ ಬಿಚ್ಚೋಣ."

"ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು! ಮರಳಿಗೂ ದೋಣಿಗೂ ಏನು ಸಂಬಂಧ?"

ಗುರುಗಳು ದುಗ್ಗಮ್ಮನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಲೇ ಹೇಳಿದರು: "ಬಿಸಿಲು ಎರಡಕ್ಕೂ ಒಂದೇ. ಆದರೆ ನೆಲ ನಿನ್ನ ಹಾಗೆ, ಬೇಗ ಬಿಸಿಯಾಗುತ್ತೆ, ಬೇಗ ಆರುತ್ತೆ. ನೀರು ನಿಧಾನಿ. ರಾತ್ರಿಯೆಲ್ಲ ದಡ ಆರಿ ತಣ್ಣಗಾಗಿದೆ, ಅದಕ್ಕೇ ಗಾಳಿ ಅಲ್ಲಿಂದ ಕಡಲಿಗೆ ಬರುತ್ತಿದೆ. ಈಗ ಈ ಮರಳು ಸುಡುವ ಹೊತ್ತಿಗೆ ಆ ದಡವೂ ಸುಡುತ್ತೆ. ಅಲ್ಲಿನ ಗಾಳಿ ಹಗುರಾಗಿ, ಒಲೆಯ ಹೊಗೆಯ ಹಾಗೆ ಮೇಲೇಳುತ್ತೆ. ಆ ಜಾಗ ತುಂಬೋಕೆ ಕಡಲ ಗಾಳಿ ಓಡುತ್ತೆ."

"ಓಡದಿದ್ದರೆ?"

"ಮೋಡ ಇದೆಯೇನೋ ನೋಡು."

ಹುಡುಕಿದರೂ ಒಂದು ಚೂರೂ ಇರಲಿಲ್ಲ.

"ಮಳೆಗಾಲವಾಗಿದ್ದರೆ ನಾನು ಈ ಮಾತು ಆಡುತ್ತಿರಲಿಲ್ಲ. ಇದು ಫಾಲ್ಗುಣ. ಓಡುತ್ತೆ."

ಹೊನ್ನಪ್ಪ ಅರ್ಧ ಕೇಳಿಸಿಕೊಂಡ, ಅರ್ಧ ಬಿಟ್ಟ. ಅವನ ಕಣ್ಣೆಲ್ಲ ದುಗ್ಗಮ್ಮನ ಎದೆಯ ಏರಿಳಿತದ ಮೇಲೆ. ಮರಳು ಉಗುರುಬೆಚ್ಚಗಾಯಿತು. ಬೀಸುತ್ತಿದ್ದ ಗಾಳಿಯೂ ನಿಂತುಹೋಯಿತು. ಒಂದು ಎಲೆಯೂ ಅಲುಗಲಿಲ್ಲ.

"ಇದ್ದ ಗಾಳಿಯೂ ಸತ್ತಿತಲ್ಲ ಗುರುಗಳೇ!" ಎಂದು ಅವನು ಅತ್ತೇಬಿಟ್ಟ.

"ಅಳು, ಪರವಾಗಿಲ್ಲ. ಕಾಲು ಮಾತ್ರ ತೆಗೆಯಬೇಡ."

ಇನ್ನಷ್ಟು ಹೊತ್ತೇರಿತು. ಇದ್ದಕ್ಕಿದ್ದಂತೆ ಹೊನ್ನಪ್ಪ "ಅಯ್ಯಯ್ಯೋ!" ಎಂದು ಮರಳಿನ ಮೇಲಿದ್ದ ಕಾಲೆತ್ತಿದ. ಅಷ್ಟರಲ್ಲಿ ಅವನ ಬೆನ್ನಿಗೆ ಏನೋ ತಣ್ಣಗೆ ತಾಗಿತು. ಕಡಲ ಗಾಳಿ!

ಹಾಯಿ ಬಿಚ್ಚಿದ್ದೇ ತಡ, ಮೂವರನ್ನೂ ಹೊತ್ತು ದೋಣಿ ದಡದತ್ತ ಹಾರಿತು. ಹುಟ್ಟು ಮುಟ್ಟುವ ಕೆಲಸವೇ ಬೀಳಲಿಲ್ಲ.

ಪಂಡಿತರು ನಾಡಿ ಹಿಡಿದು ನೋಡಿ, ಕಷಾಯ ಕುಡಿಸಿದರು. "ಸಂಜೆಯಾಗಿದ್ದರೆ ನನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ," ಎಂದರು. ಮಧ್ಯಾಹ್ನ ಇಳಿಯುವ ಮೊದಲು ದುಗ್ಗಮ್ಮ ಕಣ್ಣು ಬಿಟ್ಟಳು.

"ಗಂಜಿ ಕುಡಿದೆಯೇನೋ ಮಗಾ?" ಎಂದಳು.

ಹೊನ್ನಪ್ಪನಿಗೆ ಸಂತೋಷ ತಡೆಯಲಾಗಲಿಲ್ಲ. ಜಗಲಿಗೆ ಓಡಿಬಂದವನೇ ಅಲ್ಲಿ ಔಷಧಿಗೆ ಕಾದು ಕೂತವರಿಗೆಲ್ಲ ಸಾರಿದ: "ನಮ್ಮ ಗುರುಗಳು ಗಾಳಿಗೇ ಅಪ್ಪಣೆ ಕೊಟ್ಟು ತಿರುಗಿಸಿದರು! ನಾನೇ ಕಣ್ಣಾರೆ ಕಂಡೆ!"

ಜನ ಎದ್ದು ಬಂದು ಗುರುಗಳ ಕಾಲಿಗೆ ಬೀಳತೊಡಗಿದರು. ಎಲ್ಲರಿಗಿಂತ ಮೊದಲು ಬಿದ್ದವನು ಹೊನ್ನಪ್ಪನೇ.

ಗುರುಗಳು ಕಾಲನ್ನು ಹಿಂದಕ್ಕೆ ಎಳೆದುಕೊಂಡರು.

"ನಾಳೆ ಇದೇ ಹೊತ್ತಿಗೆ ಎಲ್ಲರೂ ಕಡಲಂಚಿಗೆ ಹೋಗಿ ನಿಲ್ಲಿ. ಗಾಳಿ ಬರುತ್ತೆ. ನಾನು ಬರೋದಿಲ್ಲ, ಮಲಗಿರುತ್ತೇನೆ."