ಶಂಭುಲಿಂಗನ ಹೊಟ್ಟೆ

ವರದಾ ನದಿಯ ದಡದಲ್ಲಿ ಅಡವಯ್ಯನವರ ಆಶ್ರಮವಿತ್ತು. ಶಂಭುಲಿಂಗ ಅಲ್ಲಿ ಹನ್ನೆರಡು ವರ್ಷದಿಂದ ಅವರ ಶಿಷ್ಯನಾಗಿದ್ದ. ಆಗಲೇ ಕಿವಿಯ ಬಳಿ ಕೂದಲು ನರೆತಿತ್ತು.

ಒಂದು ಚಳಿಗಾಲ ಅವನಿಗೆ ವಿಷಮಶೀತ ಜ್ವರ ಬಂತು. ಪೇಟೆಯ ಡಾಕ್ಟರು ಬಲವಾದ ಮಾತ್ರೆ ಕೊಟ್ಟು ಜೀವ ಉಳಿಸಿದರು. ಜ್ವರವೇನೋ ಹೋಯಿತು, ಹೊಟ್ಟೆ ಮಾತ್ರ ಕೆಟ್ಟು ಕೂತಿತು. ಏನು ತಿಂದರೂ ದಕ್ಕುತ್ತಿರಲಿಲ್ಲ.

"ರೋಗದ ಕ್ರಿಮಿಗಳ ಜೊತೆ ಹೊಟ್ಟೆಯೊಳಗಿನ ಒಳ್ಳೆಯ ಜೀವಿಗಳೂ ಸತ್ತಿವೆ. ನಿಧಾನಕ್ಕೆ ಮತ್ತೆ ಬೆಳೆಯಬೇಕು" ಎಂದರು ಡಾಕ್ಟರು.

ಮೂರು ತಿಂಗಳಾದರೂ ಬೆಳೆದ ಸುಳಿವಿಲ್ಲ. ಒಂದು ಬೆಳಿಗ್ಗೆ ಶಂಭುಲಿಂಗ ಬಟ್ಟೆಗಂಟು ಹಿಡಿದು ಗುರುಗಳ ಮುಂದೆ ನಿಂತ.

"ಹೊರಡ್ತೀನಿ ಗುರುಗಳೇ."

"ಯಾಕಪ್ಪಾ?"

"ಪಾಠದ ನಡುವೆ ಮೂರು ಮೂರು ಸಲ ಎದ್ದು ಓಡಬೇಕು. ಎಲ್ಲರೆದುರು ನಾಚಿಕೆಯಾಗುತ್ತೆ. ಅರ್ಧ ಪಾಠ ಕೇಳಿ ಏನು ಉಪಯೋಗ?"

"ಅರ್ಧ ಅಂತ ಯಾರು ಹೇಳಿದರು? ನೀನು ಎದ್ದಾಗಲೆಲ್ಲ ನನ್ನ ಕನ್ನಡಕ ಕಾಣೆಯಾಗುತ್ತೆ. ನೀನು ಬಂದು ಕೂತ ಮೇಲೇ ಸಿಗುತ್ತೆ."

ಶಂಭುಲಿಂಗ ನೆನಪು ಮಾಡಿಕೊಂಡ. ಹೌದು, ಒಂದು ಸಾಲೂ ತಪ್ಪಿರಲಿಲ್ಲ. ಗಂಟು ಕೈಯಿಂದ ಜಾರಿತು.

ಅಂದಿನಿಂದ ಗುರುಗಳು ಅವನ ಜೊತೆಗೇ ಊಟಕ್ಕೆ ಕೂತರು. ಮೆತ್ತಗಿನ ಅನ್ನ, ತೆಳು ಮಜ್ಜಿಗೆ. ಖಾರದ ಉಪ್ಪಿನಕಾಯಿ ಇಲ್ಲದೆ ತುತ್ತು ಇಳಿಯದ ಮುದುಕರು ಭರಣಿಯ ಕಡೆ ತಿರುಗಿಯೂ ನೋಡಲಿಲ್ಲ. ವಾರಕ್ಕೊಂದು ಹೊಸದು ತಟ್ಟೆಗೆ ಬರುತ್ತಿತ್ತು. ಒಮ್ಮೆ ಬೇಯಿಸಿದ ಕುಂಬಳಕಾಯಿ, ಒಮ್ಮೆ ಒಂದಿಷ್ಟು ಸೊಪ್ಪು.

ಹೊಟ್ಟೆ ಹಗುರಾಯಿತು ಅನ್ನುವಷ್ಟರಲ್ಲಿ ಶಂಭುಲಿಂಗ ಆಸೆ ತಡೆಯಲಾರದೆ ಹಲಸಿನ ಹಣ್ಣು ತಿಂದ. ಎರಡು ದಿನ ಏಳಲಾಗಲಿಲ್ಲ. ಮೂರನೆಯ ದಿನ ತಲೆ ತಗ್ಗಿಸಿ ಬಂದ.

"ಎಷ್ಟು ತೊಳೆ?" ಗುರುಗಳು ಕೇಳಿದರು.

"ಇಪ್ಪತ್ತು."

"ಸಿಹಿಯಾಗಿತ್ತಾ?"

"ತುಂಬಾ."

"ಸರಿ, ಕೂತ್ಕೋ."

ಮತ್ತೆ ಮೆತ್ತಗಿನ ಅನ್ನ ಬಡಿಸಿ, ಮೇಲೆ ತೆಳು ಮಜ್ಜಿಗೆ ಸುರಿದರು. ಎರಡು ತಟ್ಟೆಗೂ.

ಮಳೆಗಾಲ ಮುಗಿಯುವ ಹೊತ್ತಿಗೆ ಶಂಭುಲಿಂಗ ಒಂದು ಪಾಠಕ್ಕೆ ಪೂರ್ತಿ ಕೂತ. ಒಮ್ಮೆಯೂ ಏಳಲಿಲ್ಲ. ಎಲ್ಲರೂ ಎದ್ದು ಹೋದ ಮೇಲೂ ಅಲ್ಲೇ ಇದ್ದ.

"ಗುರುಗಳೇ, ಆ ಒಳ್ಳೆಯ ಜೀವಿಗಳು ಮರಳಿ ಬಂದ ಹಾಗಿದೆ."

"ಬಂದಿರಬೇಕು."

"ಆದರೂ ಭಯ. ಈ ಸಲವಾದರೂ ಉಳೀತಾವಾ? ಎಷ್ಟು ದಿನ?"

ಗುರುಗಳು ಅವನ ಬೆನ್ನು ಸವರಿದರು.

"ಮನೆಗೆ ಬಂದವರನ್ನು ಎಷ್ಟು ದಿನ ಇರ್ತೀರಿ ಅಂತ ಕೇಳಬಾರದು ಮಗಾ. ಊಟಕ್ಕೆ ಏನು ಮಾಡಲಿ ಅಂತ ಕೇಳಬೇಕು."